ಒದ್ದೆ ಸೀರೆಯವಳ ಬೆಂಚು

ಹಾರವಾಡದ ನಮ್ಮ ಮನೆಯ ಜಗಲಿಯಲ್ಲಿ ಒಂದು ಹಳೆಯ ಬೆಂಚಿದೆ. ಅದರ ಮೇಲೆ ಆಗಾಗ, ಒದ್ದೆ ಬಟ್ಟೆಯಲ್ಲಿ ಯಾರೋ ಕೂತು ಎದ್ದ ಗುರುತು ಕಾಣುತ್ತಿತ್ತು. ದೋಣಿಯೊಡನೆ ಮುಳುಗಿದ ಗಂಡನನ್ನು ಹುಡುಕಿಕೊಂಡು ಸಮುದ್ರಕ್ಕೆ ಇಳಿದ ಈ ಮನೆಯ ಹಿಂದಿನ ಸೊಸೆಯೊಬ್ಬಳು ಬಂದು ಕೂರುತ್ತಾಳೆ ಎಂದು ಅತ್ತೆ ಹೇಳುತ್ತಿದ್ದರು. ಪ್ರತಿ ಅಮಾವಾಸ್ಯೆಗೆ ಅವಳ ಹೆಸರಲ್ಲಿ ತೆಂಗಿನಕಾಯಿ, ಹಸಿರು ಬಳೆ ದಡದಲ್ಲಿಟ್ಟು ಬರುತ್ತಿದ್ದರು.

ಎರಡನೇ ಹೆರಿಗೆಯ ನಂತರ ಆ ಗುರುತು ನನ್ನದಾಯಿತು. ಕೆಮ್ಮಿದರೆ, ನಕ್ಕರೆ, ಮೀನಿನ ಬುಟ್ಟಿ ತಲೆಗೇರಿಸಿದರೆ ಮೂತ್ರ ಹೋಗಿಬಿಡುತ್ತಿತ್ತು. ಅಂಕೋಲೆಯ ಪೇಟೆಯಲ್ಲಿ ಬುಟ್ಟಿಯ ನೀರು ಸೋರಿತು ಅನ್ನಬಹುದಿತ್ತು. ಮನೆಯಲ್ಲಂತೂ ಒದ್ದೆ ಸೀರೆಯವಳು ಇದ್ದಳಲ್ಲ! ನಾಚಿಕೆಗೆಟ್ಟ ನಾನು ಎಲ್ಲರ ಜೊತೆ ಬೆಂಚಿಗೆ ಕೈಯನ್ನೂ ಮುಗಿದೆ. ಆದರೆ ವ್ಯಾಪಾರಕ್ಕೆ ಹೋಗುವ ದಿನಗಳು ಕಡಿಮೆಯಾಗುತ್ತ ಬಂದವು. ಹೀಗೇ ಆದರೆ ಬುಟ್ಟಿ ಬೋರಲು ಹಾಕಿ ಮನೆ ಹಿಡಿದು ಕೂರಬೇಕಾಗುತ್ತದೆ ಎಂದು ಹೆದರಿದ್ದೆ.

ಒಂದು ಮಧ್ಯಾಹ್ನ, ದೇವಬಾಗದ ತವರಿನಲ್ಲಿ ಎರಡು ದಿನ ಇದ್ದು ಮರಳಿದೆ. ಗಂಡಸರು ಸಮುದ್ರದಲ್ಲಿದ್ದರು. ಅಂಗಳದಲ್ಲಿ ಒಣಮೀನು ಹರವಿದ್ದರೂ ಒಂದು ಕಾಗೆಯೂ ಇರಲಿಲ್ಲ. ಬೆಂಚಿನ ಮೇಲೆ ಗುರುತಿತ್ತು. ಮುಟ್ಟಿದೆ. ಬೆಚ್ಚಗಿತ್ತು. ಅಯ್ಯೋ ದೇವರೇ! ತನ್ನ ಹೆಸರಲ್ಲಿ ಸುಳ್ಳು ನಡೆಸಿದವಳನ್ನು ಕಾಣಲು ಅವಳೇ ಎದ್ದು ಬಂದಳು ಅಂದುಕೊಂಡೆ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಬರುತ್ತಿತ್ತು. ಕೂಗಿದರೂ ಅತ್ತೆ ಓಗೊಡಲಿಲ್ಲ.

ದೆವ್ವದ ಪಾಲು ದೆವ್ವಕ್ಕೆ, ನನ್ನ ಪಾಲಾದರೂ ನಿಲ್ಲಲಿ ಎಂದು ಮರುದಿನವೇ ಕಾರವಾರದ ಆಸ್ಪತ್ರೆಗೆ ಓಡಿದೆ. ಫಿಸಿಯೋಥೆರಪಿಯ ಡಾಕ್ಟರಮ್ಮ ತಿಳಿಸಿ ಹೇಳಿದರು: ಮೂತ್ರಚೀಲ, ಗರ್ಭಕೋಶಗಳನ್ನು ಕೆಳಗಿನಿಂದ ಎತ್ತಿ ಹಿಡಿಯುವ ಸ್ನಾಯುಗಳಿವೆ, ಹೆರಿಗೆಯಲ್ಲಿ, ಮುಟ್ಟು ನಿಂತ ಮೇಲೆ ಅವು ಸಡಿಲಾಗುತ್ತವೆ, ಪ್ರಾಸ್ಟೇಟ್ ಆಪರೇಷನ್ ಆದ ಗಂಡಸರೂ ಇದಕ್ಕಾಗಿ ಬರುತ್ತಾರೆ. ಗಾಳಿ ಹೋಗದಂತೆ ತಡೆಯುವ ಹಾಗೆ ಆ ಸ್ನಾಯುಗಳನ್ನು ಒಳಗೆಳೆದು ಹಿಡಿ, ಐದು ಎಣಿಸು, ಪೂರ್ತಿ ಸಡಿಲ ಬಿಡು. ಬುಟ್ಟಿ ಎತ್ತುವಾಗ ಬಿಗಿಹಿಡಿದು ಉಸಿರು ಬಿಡುತ್ತ ಎತ್ತು. ಇಷ್ಟಕ್ಕೆ ಸತ್ತವಳ ಮೇಲೆ ಗೂಬೆ ಕೂರಿಸಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ದಿನವೂ ತಪ್ಪದೆ ಹಾಗೇ ಮಾಡಿದೆ. ನಾಲ್ಕು ತಿಂಗಳಲ್ಲಿ ನನ್ನದು ನಿಂತಿತು. ಪೇಟೆಗೆ ಮತ್ತೆ ಬುಟ್ಟಿ ಹೊತ್ತೆ. ಬೆಂಚು ಮಾತ್ರ ಒದ್ದೆಯಾಗುತ್ತಲೇ ಇತ್ತು.

ಅಮಾವಾಸ್ಯೆಯ ದಿನ ಅತ್ತೆ ಜಗಲಿಯಲ್ಲಿ ಬಳೆ ಆರಿಸುತ್ತಿದ್ದರು. ಗಟ್ಟಿ ಮನಸ್ಸು ಮಾಡಿ ಅಂದೆ: "ಅತ್ತೆ, ಬೆಂಚಿನ ಮೇಲೆ ಆಗ್ತಿದ್ದದ್ದು ನಂದು. ಈಗ ನಿಂತಿದೆ."

ಅವರು ತಲೆ ಎತ್ತಲಿಲ್ಲ. "ಎಲ್ಲಾ ನಿಂದೇ ಅಲ್ಲ ಮಗಾ. ಹತ್ತು ವರ್ಷ ಆಯ್ತು, ನಾನು ಒಂದು ಮದುವಿಗೆ ಹೋಗಲಿಲ್ಲ. ಎಂತಕ್ಕೆ ಅಂದ್ಕಂಡೆ?"

ಕಾರವಾರದಲ್ಲಿ ಕಲಿತದ್ದನ್ನೆಲ್ಲ ಹೇಳಿದೆ.

"ಹಾಗಾರೆ ಇದಕ್ಕೆ ಮದ್ದಿತ್ತಾ?" ಅತ್ತೆ ಬೆಂಚನ್ನು ಸವರಿದರು. "ಆ ಒದ್ದೆ ಸೀರೆಯವಳ ಗಂಡ ಮುಳುಗಲೇ ಇಲ್ಲ ಮಗಾ. ಅದು ಮನೆಯವರು ಕಟ್ಟಿದ ಕತೆ. ನನ್ನತ್ತೆ ಸಾಯುಕೆ ಮುಂಚೆ ಹೇಳಿದ್ರು. ಹೆತ್ತ ಮೇಲೆ ನಿಲ್ಲದೆ ಸೋರ್ತಿತ್ತಂತೆ ಅವಳಿಗೆ. ವಾಸನೆ ಅಂದ್ಹೇಳಿ ಒಳಗೆ ಸೇರಿಸಲಿಲ್ಲ. ಇದೇ ಬೆಂಚಿನ ಮೇಲೆ ಮಲಗಿಸ್ತಿದ್ರಂತೆ. ಒಂದಿನ ಬೆಳಿಗ್ಗೆ ನೋಡಿದ್ರೆ ಬೆಂಚು ಒದ್ದೆ ಇತ್ತು, ಅವಳಿರಲಿಲ್ಲ."

ಅತ್ತೆ ಆರಿಸಿದ ಬಳೆಗಳನ್ನು ಮಡಿಲಿಗೆ ಹಾಕಿಕೊಂಡರು.

"ನಾಳೆ ಕಾರವಾರಕ್ಕೆ ನಾನೂ ಬತ್ತೆ," ಅಂದರು. ಆ ಸಂಜೆ ಕಾಯಿ, ಬಳೆಗಳನ್ನು ದಡಕ್ಕೆ ಒಯ್ಯಲಿಲ್ಲ. ಒಳಗೆ ದೇವರ ಮುಂದಿಟ್ಟು ಬಾಗಿಲಿಗೆ ಬಂದು, ಖಾಲಿ ಬೆಂಚಿನ ಕಡೆ ನೋಡಿ ಕರೆದರು: "ಒಳಗೆ ಬಾರೆ, ಮಗಾ."