ಹಾರ ಹಾಕುವ ಮೊದಲು ಭಾಗ್ಯಾಳನ್ನು ಕೇಳಿದಿರಾ?

‘ಮಾಮಾ, ನನ್ನ ಕೊಯ್ಯೋದು ಯಾವತ್ತು?’

ಕಳೆದ ಸೋಮವಾರ ಈ ಪ್ರಶ್ನೆ ಬಂದದ್ದು ಒಂದು ಹತ್ತಿ ರಾಶಿಯೊಳಗಿಂದ. ದೋರನಹಳ್ಳಿಯ ಅಕ್ಕನ ಮನೆ, ಒಳಕೋಣೆಯ ತುಂಬ ಹತ್ತಿ, ಅದರ ನಡುವೆ ಎರಡು ಕಣ್ಣು, ಕಣ್ಣಿನ ಕೆಳಗೆ ಸೇವಂತಿಗೆ ಹಾರ. ಅಕ್ಕನ ಮಗಳು ಭಾಗ್ಯಾ, ಎಂಟು ವರ್ಷ. ಹೊರಗೆ ಇಡೀ ಓಣಿ ಆಕೆಯನ್ನು ಹುಡುಕುತ್ತಿತ್ತು.

ನಗಬೇಡಿ. (ಸರಿ, ಸ್ವಲ್ಪ ನಗಿ. ನಾನೂ ನಕ್ಕೆ. ಆಮೇಲೆ ಅಕ್ಕನಿಂದ ಬೈಸಿಕೊಂಡೆ.)

ವಿಷಯ ಇಷ್ಟು. ಭಾಗ್ಯಾಳ ಅಣ್ಣ ಮಲ್ಲುವಿಗೆ ಹನ್ನೊಂದು ವರ್ಷ. ಅವನ ಮೂಳೆಯೊಳಗೆ ರಕ್ತ ತಯಾರಾಗುವ ಕೆಲಸ ಹೆಚ್ಚುಕಡಿಮೆ ನಿಂತುಹೋಗಿದೆ. ಮತ್ತೆ ಮತ್ತೆ ಬೇರೆಯವರ ರಕ್ತ ಹಾಕಿಸಿ ಅವನನ್ನು ಉಳಿಸಿಕೊಂಡಿದ್ದೇವೆ. ಒಡಹುಟ್ಟಿದವರ ಸ್ಟೆಮ್ ಸೆಲ್ ಹೊಂದಿದರೆ ಹುಡುಗ ಬದುಕಿಕೊಳ್ಳಬಹುದು ಎಂದರು ಹೈದರಾಬಾದಿನ ಡಾಕ್ಟರು. ಸ್ಟೆಮ್ ಸೆಲ್ ಎಂದರೆ ರಕ್ತದ ಬೀಜ ಅಂದುಕೊಳ್ಳಿ. ಅಪ್ಪ, ಅವ್ವ, ತಂಗಿ ಮೂವರ ಪರೀಕ್ಷೆಯಾಯಿತು. ಪೂರ್ತಿ ಮ್ಯಾಚ್ ಆದದ್ದು ಒಬ್ಬಳದೇ. ಟಿವಿ ರಿಮೋಟಿಗಾಗಿ ದಿನಾ ಅವನ ಕೂದಲು ಕೀಳುವ ಭಾಗ್ಯಾಳದು.

ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ದಾನಿ ಮಗುವಿಗೆ ಚೆನ್ನಾಗಿ ಊಟ ಮಾಡಿಸಿ. ಏನು ಮಾಡುತ್ತೇವೆ ಎಂಬುದನ್ನು ಮಗುವಿಗೆ ತಿಳಿಯುವಂತೆ, ನಿಜವಾಗಿ ಹೇಳಿ. ನಮ್ಮವರಿಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಊಟದ ವಿಷಯ ನೋಡಿ!

ಬೆಳಿಗ್ಗೆ ಎರಡು ಮೊಟ್ಟೆ. ಹನ್ನೊಂದಕ್ಕೆ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಓಣಿಯ ಹೆಂಗಸರು ಪಾಳಿ ಹಚ್ಚಿ ಹಾಲು ತಂದರು. ಮುತ್ಯಾ, ಅಂದರೆ ಅಕ್ಕನ ಮಾವ, ದಿನಾ ಸಂಜೆ ಮೊಮ್ಮಗಳ ರಟ್ಟೆ ಹಿಚುಕಿ ನೋಡುವರು. ‘ಈಗ ಮೈ ಹಿಡ್ಯಾಕತ್ತದ ನೋಡು ಕೂಸು!’ ವಾರಕ್ಕೊಮ್ಮೆ ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಕ. ‘ಒಂದ್ ಕಿಲೋ ಏರ್ಯಾಳ!’ ಚಪ್ಪಾಳೆ.

ತಿಳಿಸಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಶಹಾಪುರದ ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡಿ ಹೋಳಿಗೆ ತಿನ್ನುವವನು ನಾನು, ನಿಮಗೆ ಗೊತ್ತೇ ಇದೆ. (ನಿಮ್ಮಲ್ಲಿ ಕೆಲವರ ದನಿಯನ್ನೂ ತೆಗೆದಿದ್ದೇನೆ, ಕ್ಷಮೆಯಿರಲಿ.) ಸೊಂಟದ ಹಿಂದಿನ ಮೂಳೆಗೆ ಸೂಜಿ ಹಾಕಿ ಬೀಜ ತೆಗೆಯುತ್ತಾರೆ ಎಂದು ಸುಮ್ಮನೆ ಹೇಳಿದ್ದರೆ ಸಾಕಿತ್ತು. ಸುಮ್ಮನೆ ಹೇಳಿದರೆ ನಾನು ನಾನಾಗುತ್ತೇನೆಯೇ? ಬೋರ್‌ವೆಲ್ ಗಾಡಿಯ ದನಿ ತೆಗೆದೆ. ಗುರ್ರ್, ಢಗ್ ಢಗ್, ಆಮೇಲೆ ನೀರು ಚಿಮ್ಮುವ ಸದ್ದು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಭಾಗ್ಯಾ ನಗಲಿಲ್ಲ. ನಾನು ನೋಡಿದೆನೇ? ನಗುವವರ ಮುಖ ಬಿಟ್ಟು ಬೇರೆ ಮುಖ ನನಗೆ ಯಾವತ್ತು ಕಂಡಿದೆ?

ಹೈದರಾಬಾದಿಗೆ ಹೊರಡಲು ವಾರ ಉಳಿದಿತ್ತು. ಸೋಮವಾರ ಅಜ್ಜಿ ಆಕೆಯನ್ನು ಮಣೆಯ ಮೇಲೆ ಕೂರಿಸಿದಳು. ಅರಿಷಿಣ, ಕುಂಕುಮ, ಕೊರಳಿಗೆ ಹಾರ, ಆರತಿ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ನೀವೇ ಹೇಳಿ. ನಮ್ಮ ಕಡೆ ತಿಂಗಳುಗಟ್ಟಲೆ ಮೇಯಿಸಿ, ಮೈ ಹಿಚುಕಿ ನೋಡಿ, ತೂಕ ಹಾಕಿ, ಅರಿಷಿಣ ಹಚ್ಚಿ, ಹಾರ ಹಾಕಿ ಆರತಿ ಮಾಡುವುದು ಯಾರಿಗೆ?

ದೇವರಿಗೆ ಬಿಟ್ಟ ಟಗರಿಗೆ!

ಹಾರ ಬಿದ್ದ ಟಗರು ಮರುದಿನ ಯಾವ ಪಾತ್ರೆಯಲ್ಲಿರುತ್ತದೆ ಎಂದು ಆ ಮನೆಯ ಹುಡುಗಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಹತ್ತಿಯೊಳಗೆ ಸೇರಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ದಾನಿ ಮಕ್ಕಳ ಜೊತೆ ಮಾತಾಡಲೆಂದೇ ಒಬ್ಬ ಮೇಡಂ ಇದ್ದಾರೆ, ರಾಯಚೂರು ಕಡೆಯವರು. ಮನೆಯವರೆಲ್ಲ ಒಳಕೋಣೆಗೆ ನುಗ್ಗಿದ್ದರು, ನಾನು ಹತ್ತಿ ರಾಶಿಯ ಮುಂದೆಯೇ ಕೂತು ಅವರಿಗೆ ವಿಡಿಯೋ ಕಾಲ್ ಮಾಡಿದೆ.

‘ದೊಡ್ಡವರೆಲ್ಲಾ ಹೊರಗ ನಡೀರಿ. ನೀವ್ಯಾರ್ರಿ?’

‘ಫೋನ್ ಹಿಡ್ಯಾಂವ್ರಿ.’

‘ಬಾಯಿ ಮುಚ್ಕೊಂಡು ಹಿಡೀರಿ.’

(ಇಷ್ಟು ಬೇಗ ನನ್ನನ್ನು ಅರ್ಥಮಾಡಿಕೊಂಡವರು ಇನ್ನೊಬ್ಬರಿಲ್ಲ.)

ಭಾಗ್ಯಾ ಟಗರಿನ ಲೆಕ್ಕಾಚಾರವೆಲ್ಲ ಒಪ್ಪಿಸಿದಳು. ಮೇಡಂ ನಗಲಿಲ್ಲ. ‘ಕುರಿ ಉಣ್ಣೆ ಕತ್ತರಸ್ತಾರಲ್ಲ, ಆಮ್ಯಾಲ ಏನಾಗ್ತದ?’

‘ತಿರಗಿ ಬೆಳಿತದ್ರಿ.’

‘ಇದೂ ಹಂಗವ್ವ. ತಗದಿದ್ದು ಕೆಲವು ವಾರದಾಗ ತಿರಗಿ ತುಂಬ್ತದ. ತಗಿಯೂ ಮುಂದ ನಿನಗ ನಿದ್ದಿ ಬರಿಸಿರ್ತಾರ. ಎದ್ದ ಮ್ಯಾಲ ನಾಲ್ಕೈದು ದಿನ ಸೊಂಟ ನೋಯ್ತದ. ಇಲ್ಲ ಅಂತ ನಾ ಸುಳ್ಳ ಹೇಳಂಗಿಲ್ಲ.’

ಭಾಗ್ಯಾ ಯೋಚಿಸಿದಳು. ‘ಬೋರ್ ಫೇಲಾದ್ರ?’

‘ಯಾವ ಬೋರ್?’

‘ಮಾಮಾ ಬೋರ್ ಹೊಡಿತಾರ ಅಂದಾನ್ರಿ. ನಮ್ಮ ಹೊಲದಾಗ ಎರಡು ಫೇಲಾಗ್ಯಾವ. ನಂದು ಹಾಕಿದ್ರೂ ಅಣ್ಣಗ ಆರಾಮಾಗ್ಲಿಲ್ಲಂದ್ರ ಎಲ್ಲಾರೂ ನನ್ನ ಬೈತಾರೇನ್ರಿ?’

ಫೋನ್ ಹಿಡಿದ ನನ್ನ ಕೈ ಜೋಲು ಬಿತ್ತು. ‘ಫೋನ್ ಮ್ಯಾಲ ಹಿಡೀರಿ’ ಎಂದು ಗದರಿ ಮೇಡಂ ಹೇಳಿದರು: ‘ಆರಾಮಾಗೇ ಆಗ್ತದ ಅಂತ ನಾ ಮಾತು ಕೊಡಾಕ ಬರಂಗಿಲ್ಲ. ಆಗ್ಲಿಲ್ಲಂದ್ರ ಅದು ನಿನ್ನ ತಪ್ಪಲ್ಲ. ಯಾರರ ಬೈದ್ರ ನನಗ ಹೇಳು, ಅವರಿಗೆ ನಾ ಬೈತೀನಿ. ಮತ್ತ ನಿನಗ ಬ್ಯಾಡ ಅನಸಿದ್ರ ಬ್ಯಾಡ ಅನ್ನು. ಅದಕ್ಕೂ ಯಾರೂ ಬೈಯಂಗಿಲ್ಲ.’

ಬಾಗಿಲ ಹಿಂದೆ ಅಕ್ಕ ಉಸಿರು ಎಳೆದುಕೊಂಡದ್ದು ಕೇಳಿಸಿತು. ಈ ಮಗು ಬೇಡ ಎಂದರೆ? ಇನ್ನೊಂದು ಮ್ಯಾಚ್ ಮನೆಯಲ್ಲಿಲ್ಲ. ಹೊರಗೆ ಹೊರಸಿನ ಮೇಲೆ ಮಲ್ಲು ಬಿಳಿಚಿಕೊಂಡು ಮಲಗಿದ್ದಾನೆ. ನಿಜ ಹೇಳುತ್ತೇನೆ, ಆಕೆಯದೇ ದನಿಯಲ್ಲಿ ‘ಹೂಂ’ ಅಂದುಬಿಡಲೇ ಅನಿಸಿತು. (ಬರುತ್ತದೆ ನನಗೆ.)

‘ಅಣ್ಣನ್ನ ಕರೀರಿ’ ಎಂದಳು ಭಾಗ್ಯಾ.

ಮಲ್ಲು ಮಾಸ್ಕ್ ಹಾಕಿಕೊಂಡು ಹೊಸ್ತಿಲಾಚೆ ಬಂದು ನಿಂತ.

‘ಎಲ್ಲಾರೂ ತಿನ್ನು ತಿನ್ನು ಅಂತಾರ. ನೀನೂ ನನಗ ಕೇಳಿಲ್ಲ.’

ಮಲ್ಲು ನೆಲ ನೋಡಿದ. ‘ಕೊಡ್ತಿ ಏನ?’

‘ಚಂದಾಗಿ ಕೇಳು.’

‘ನಿಮ್ಮ ಬೀಜ ಕೊಡ್ತೀರೇನ್ರೀ, ಭಾಗ್ಯಶ್ರೀ ಬಾಯಾರ? ರಿಮೋಟ್ ಪೂರಾ ನಿಮಗ ಬಿಟ್ಟೆ.’

ಆಕೆ ಒಂದು ಉಸಿರು ಬಿಟ್ಟಳು. ‘ಹೂಂ, ಕೊಡ್ತೀನಿ. ರಿಮೋಟ್ ಬ್ಯಾಡ. ನೀ ಆರಾಮಾಗು, ನಾನಽ ಕಸ್ಗೋತೀನಿ.’

ಬಾಗಿಲ ಹಿಂದೆ ಅಕ್ಕ ಅಳುತ್ತಿದ್ದಳು, ಮುತ್ಯಾ ಮೂಗೊರೆಸಿಕೊಂಡರು. ಇಡೀ ಮನೆ ಆ ಹುಡುಗಿಗೆ ಉಣಿಸಿತು, ತೂಗಿತು, ಆರತಿ ಎತ್ತಿತು. ಕೇಳಲು ಮಾತ್ರ ಯಾರಿಗೂ ಪುರಸೊತ್ತಾಗಿರಲಿಲ್ಲ.

ಹತ್ತಿಯಿಂದ ಎದ್ದು ಬರುತ್ತಾ ಆಕೆ ನನ್ನ ಮುಖ ನೋಡಿದಳು. ‘ಮಾಮಾ, ನಿಂದು ಮ್ಯಾಚ್ ಆಗಿದ್ರ ನೀ ಕೊಡ್ತಿದ್ದೇನು?’

‘ಕೊಡ್ತಿದ್ದೆ’ ಅಂದೆ. ಅದಕ್ಕೂ ಮೊದಲು ಎರಡು ಸಲ ಕೆಮ್ಮಿದೆ, ಫೋನಿನ ಚಾರ್ಜ್ ಎಷ್ಟಿದೆ ಎಂದು ನೋಡಿದೆ, ಅಂಗಿಗೆ ಅಂಟಿದ ಹತ್ತಿ ಕೊಡವಿದೆ.

ಎಂಟು ವರ್ಷದವಳಿಗೆ ಒಂದು ಉಸಿರು ಸಾಕಾಯಿತು. ನಿಮಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು?