ಹನ್ನೊಂದು ಒಂದುಗಳು

ಮಾವನಿಗೆ ಹೇಳಿಬಿಡಲೇ, ಬೇಡವೇ? ಹಾಲು ಕಾಯಿಸುವಾಗಲೂ ಮಗುವಿನ ಬಟ್ಟೆ ಮಡಚುವಾಗಲೂ ಇದೇ ಕೊರೆತ. ಚಿಂತೆ ನನಗೆ ಹೊಸದಲ್ಲ. ಮಗು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೂ ಮೂಗಿನ ಹತ್ತಿರ ಬೆರಳಿಟ್ಟು ನೋಡುವವಳು ನಾನು. ಆದರೆ ಇದು ಬೇರೆ.

ಮಾವ ಅಂದರೆ ಅಮ್ಮನ ತಮ್ಮ. ನೀರಿನ ಮೀಟರ್ ಓದುವುದು ಅವನ ಕೆಲಸ. ಮನೆಮನೆಯ ಮುಂದೆ ಮಂಡಿಯೂರಿ, ಕಬ್ಬಿಣದ ಮುಚ್ಚಳ ಎತ್ತಿ, ಕೆಸರೊರೆಸಿ ಅಂಕಿ ನೋಡಬೇಕು. ಹಿಂದೊಮ್ಮೆ ಒಂದು ಮೀಟರ್ 11111ಕ್ಕೆ ನಿಂತಿತ್ತಂತೆ. ಇದು ಯಾವುದರಿಂದ ಭಾಗವಾದೀತು ಎಂದು ಕೂತವನಿಗೆ ಸಂಜೆಯೊಳಗೆ 41 ಮತ್ತು 271 ಸಿಕ್ಕವು. ಅವೆರಡನ್ನು ಗುಣಿಸಿದರೆ ಅದೇ. ಅಲ್ಲಿಂದ ಹುಚ್ಚು ಹತ್ತಿತು. ಏಳು ಒಂದುಗಳ ಸಾಲೂ ಒಡೆಯಿತು. ಎಂಟು, ಒಂಬತ್ತು, ಹತ್ತು ಒಂದುಗಳದ್ದು ಸಲೀಸು. ಹನ್ನೊಂದರದ್ದು ಮಾತ್ರ ಮೊಂಡು: 11111111111.

ಕೆಲಸದಿಂದ ಬಂದು ಕೈಕಾಲು ತೊಳೆದರೆ ಸ್ಲೇಟು ಕೈಗೆ. ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ತಂದು ಭಾಗಿಸುವುದು, ಶೇಷ ಉಳಿದರೆ ಒರೆಸಿ ಮುಂದಿನದಕ್ಕೆ ಹೋಗುವುದು. ಒಂದು ಲಕ್ಷ ಐದು ಸಾವಿರ ಚಿಲ್ಲರೆಯವರೆಗೂ ಏನೂ ಸಿಗದಿದ್ದರೆ ಅದು ಒಡೆಯದ ಸಂಖ್ಯೆ ಎಂದೇ ಲೆಕ್ಕ. ಇವರಿಗೆ ಸ್ಲೇಟೇ ಮೊದಲ ಹೆಂಡತಿ, ನಾನು ಎರಡನೆಯವಳು ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಾಳೆ. ನಾನು ಕ್ಯಾಲ್ಕುಲೇಟರ್ ಕೊಡಹೋದಾಗ ಮಾವ ನಕ್ಕಿದ್ದ.

"ಅದು ಹೇಳಿದ್ರೆ ಅದಕ್ಕೆ ಗೊತ್ತಾಯ್ತು. ನನಗೇನು ಗೊತ್ತಾಯ್ತು ಪುಟ್ಟೀ?"

ಮಗು ಹುಟ್ಟಿದ ಹೊಸದರಲ್ಲಿ ರಚ್ಚೆ ಹಿಡಿದರೆ ಅವನ ಹೆಗಲೇ ಬೇಕಿತ್ತು. "ಒಂದು ಇಳಿಸು, ಉಳಿದದ್ದು ಆರು, ಮತ್ತೆ ಒಂದು ಇಳಿಸು" ಎಂದು ಗುನುಗುತ್ತ ಹಜಾರದಲ್ಲಿ ತಿರುಗುತ್ತಿದ್ದ. ಭಾಗಾಕಾರ ಮುಗಿಯುವ ಮೊದಲೇ ಮಗುವಿಗೆ ನಿದ್ದೆ.

ಈಗ ಅವನ ಎರಡೂ ಕಣ್ಣಿಗೆ ಪೊರೆ. ತಡ ಮಾಡಬೇಡಿ ಎಂದು ಡಾಕ್ಟರು ಗದರಿಸಿದ್ದಾರೆ. ಇಪ್ಪತ್ತೆರಡು ಸಾವಿರ ದಾಟಿದ್ದೇನೆ, ಈ ಸಂಖ್ಯೆ ಒಂದು ದಡ ಸೇರಲಿ, ಆಮೇಲೆ ನೋಡೋಣ ಎನ್ನುತ್ತಾನೆ.

ತಡೆಯಲಾರದೆ ನಾನು ಆ ಸಂಖ್ಯೆಯನ್ನು ಫೋನಿಗೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: 21649ನ್ನು 513239ರಿಂದ ಗುಣಿಸಿದರೆ ಅದೇ ಸಂಖ್ಯೆ.

ಮಾವ ಆ 21649ನ್ನು ಆಗಲೇ ದಾಟಿ ಹೋಗಿದ್ದಾನೆ! ಮಸುಕುಗಣ್ಣಿಗೆ ಮೂರು ಎಂಟಾಗಿ ಕಂಡಿರಬೇಕು. ಹೇಳದಿದ್ದರೆ, ಬಿಟ್ಟುಬಂದದ್ದನ್ನು ಮುಂದೆ ಹುಡುಕುತ್ತ ಇರುವ ಕಣ್ಣನ್ನೂ ಕಳೆದುಕೊಳ್ಳುತ್ತಾನೆ. ಹೇಳಿದರೆ, ಅವನ ಅಷ್ಟೂ ಸಂಜೆಗಳನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ.

ಇವತ್ತು ಅವನು ಮೀಟರ್ ಗುಂಡಿ ಕಾಣದೆ ಎಡವಿ ಬಿದ್ದನೆಂದು ಅತ್ತೆಯಿಂದ ತಿಳಿಯಿತು. ಮಗುವನ್ನು ಸೊಂಟಕ್ಕೇರಿಸಿಕೊಂಡೇ ಫೋನ್ ಮಾಡಿದೆ.

"ಮಾವ, ಇಪ್ಪತ್ತೊಂದು ಸಾವಿರ ಆದ್ಮೇಲೆ ಒಂದು ಕಡೆ ನಿನಗೆ ಕಣ್ಣು ತಪ್ಪಿದೆ. ಯಾವುದು ಅಂತ ನಾನು ಹೇಳಲ್ಲ. ಪೊರೆ ತೆಗೆಸ್ಕೊಂಡು ನೀನೇ ಹುಡುಕು."

ಆ ಕಡೆ ಸ್ಲೇಟು ಕೆಳಗಿಟ್ಟ ಸದ್ದಾಯಿತು. ಅವನ ಎದೆ ಒಡೆದುಹೋಯಿತೇನೋ ಎಂದುಕೊಂಡೆ.

"ಅಂದ್ರೆ, ಒಡೆಯುತ್ತೆ ಅಂತಾಯ್ತು" ಎಂದ ಮೆಲ್ಲಗೆ, ಮಗು ಮೊದಲ ಹೆಜ್ಜೆಯಿಟ್ಟಿತು ಎಂದು ನಾನು ಹೇಳಿದಾಗ ಆಡಿದ ದನಿಯಲ್ಲೇ. ಆಮೇಲೆ ಅತ್ತೆಯ ಕಡೆ ತಿರುಗಿ ಕೇಳಿದ್ದು ನನಗೂ ಕೇಳಿಸಿತು.

"ಲೇ, ಆ ಕಣ್ಣು ಡಾಕ್ಟ್ರು ಯಾವಾಗ ಬಾ ಅಂದಿದ್ರು?"