ಚರಗದ ತುತ್ತು

ಆಳಂದದ ಕಡೆಯ ಮಡ್ಡಿಗಳ ಮೇಲೆ ನಿಂತರೆ ನೆಲ ದಕ್ಷಿಣಕ್ಕೆ ಇಳಿಯುತ್ತ ಹೋಗುವುದು ಕಾಣುತ್ತದೆ. ಸರಸಂಬಾ, ಮಟಕಿಯ ಸುತ್ತ ಗುಡ್ಡದ ಬಾಲದಂಥ ದಿನ್ನೆಗಳು, ಕೆಂಪು ಗರಸು ಮಣ್ಣು. ಅಫಜಲಪುರ ಬರುವಷ್ಟರಲ್ಲಿ ಕಪ್ಪು ಎರೆ ಹೊಲ, ಕಬ್ಬು, ಭೀಮೆ. ಜೇವರ್ಗಿ ದಾಟಿದ ಮೇಲೆ ಯಡ್ರಾಮಿಯವರೆಗೆ ಬಯಲೇ ಬಯಲು. ಈ ಸೀಮೆ ಈಗ ಬೆಳೆಯುತ್ತಿದೆ. ತೊಗರಿಯ ನಡುವೆ ಲೇಔಟಿನ ಕಮಾನು ಏಳುತ್ತದೆ, ಜೋಳದ ಹೊಲದಲ್ಲಿ ಸೋಲಾರ್ ಫಲಕ ಬರುತ್ತದೆ. ಇದರ ಪರಿಚಯ ಬರೆಯಲೆಂದು ಒಂದು ಖಾಸಗಿ ಸಂಸ್ಥೆ ಭೂಗೋಳ ಓದಿದ ನನ್ನನ್ನು ಕರೆದಿತ್ತು. ಯಾರಿಗಾಗಿ ಈ ಪರಿಚಯ ಎಂದು ಕೇಳಿದೆ. "ಅಭಿವೃದ್ಧಿಗೆ" ಎಂದರು. ಆ ಉತ್ತರ ನನಗೆ ಅಂದೇ ಸರಿ ಕಂಡಿರಲಿಲ್ಲ.

ನಮ್ಮ ಗಾಡಿಯಲ್ಲಿ ಮೂವರಿದ್ದೆವು. ಆಳಂದದವರಾದ ಡ್ರೈವರ್ ಚಾಚಾ, ನಾನು, ಮೇಲಿನಿಂದ ಚಿತ್ರ ತೆಗೆಯಲು ಹಾಸನದ ಕಡೆಯಿಂದ ಬಂದಿದ್ದ ಡ್ರೋನ್ ಆಪರೇಟರ್. ಎಳ್ಳ ಅಮಾವಾಸ್ಯೆಯ ದಿನ ಅಫಜಲಪುರ ದಾಟಿ ನದಿಯ ಕಡೆಯ ಒಂದು ಊರಿಗೆ ಹೋದೆವು. ಅಂದು ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಬನ್ನಿ ಮರದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ತಂದ ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಉಂಡು ಕೂತ ಜನ ಮಾತಿಗೆ ಸಿಗುತ್ತಾರೆ ಎಂದು ನಾನು ಎಣಿಸಿದ್ದೆ.

ನಾನು ಪಕ್ಕದ ಹೊಲದವರ ಜೊತೆ ಮಾತಾಡುತ್ತಿದ್ದೆ. ಆಪರೇಟರ್ ಬದುವಿನ ಮೂಲೆಯಲ್ಲಿ ಗುರುತಿನ ಬಟ್ಟೆ ಹಾಸುತ್ತಿದ್ದ. ಮೇಲಿನಿಂದ ಜಾಗ ಗೊತ್ತಾಗಲೆಂದು ಬಿಳಿ ಬಟ್ಟೆಯ ಮೇಲೆ ಕಪ್ಪು ಗೆರೆ ಅಡ್ಡಲಾಗಿ ಎಳೆದಿರುತ್ತಾರೆ. ಗಾಳಿಗೆ ಬಟ್ಟೆ ನಿಲ್ಲಲಿಲ್ಲ. ಬನ್ನಿಯ ಕೆಳಗೆ ಸುಣ್ಣದ ಕಲ್ಲುಗಳು ಕಂಡವು. ಮನೆಯವರು ಬಂಡಿಯಿಂದ ಬುಟ್ಟಿ ಇಳಿಸಲು ಆಚೆ ಹೋಗಿದ್ದರು. ಇನ್ನೂ ಕುಂಕುಮ ಬಿದ್ದಿರಲಿಲ್ಲ. ಸರ್ವೆಯವರು ಇಟ್ಟ ಕಲ್ಲೆಂದುಕೊಂಡು ಅವನು ಒಂದನ್ನು ಎತ್ತಿ ಬಟ್ಟೆಯ ಮೇಲೆ ಹೇರಿದ.

ಬುಟ್ಟಿ ಹೊತ್ತು ಬಂದವರಿಗೆ ನಾಲ್ಕೇ ಪಾಂಡವರು ಕಂಡರು.

ಬೈಕ್ ನಿಲ್ಲಿಸಿಕೊಂಡು ನೋಡುತ್ತಿದ್ದವನೊಬ್ಬ ಮೊದಲು ಬಾಯಿ ತೆರೆದ. "ಅಮಾಸಿ ದಿನ ಕರೀ ಗೆರಿ ಹಾಸ್ಯಾನ, ಪಾಂಡವರನ್ನ ಎಬ್ಬಿಸ್ಯಾನ. ಇದು ಮಾಟ ಅಲ್ದ ಮತ್ತೇನು?"

ನಾನು, ಚಾಚಾ ಓಡಿಬಂದೆವು. ಸುತ್ತಲ ಹೊಲಗಳಿಂದ ಜನ ಬರಲು ಹೊತ್ತು ಹಿಡಿಯಲಿಲ್ಲ. ಕೆಲವರು ಉಣ್ಣುವ ಕೈಯಲ್ಲೇ ಬಂದರು, ಕೆಲವರ ಕೈಯಲ್ಲಿ ಬಾರುಕೋಲಿತ್ತು. ಹೊಲದ ಯಜಮಾನ ಆಪರೇಟರನ ಕೊರಳಪಟ್ಟಿ ಹಿಡಿದು ಕಟ್ಟೆಯಿಲ್ಲದ ಬಾವಿಯ ಕಡೆ ಎಳೆದ. "ಅಕ್ಕ, ನಾನೇನೂ ಮಾಡಿಲ್ಲ, ಹೇಳಿ ಅಕ್ಕ" ಎಂದು ಅವನು ನನ್ನತ್ತ ನೋಡಿದ. ಅವನ ಹಿಮ್ಮಡಿ ಬಾವಿಯ ಅಂಚಿನಲ್ಲಿತ್ತು. ಈಗಲೂ ನನಗೆ ಮೊದಲು ಕಾಣುವುದು ಆ ಹಿಮ್ಮಡಿ.

ಚಾಚಾ ಕೈಮುಗಿದರು. "ಅಣ್ಣಾರ, ಈ ಕೂಸಿಗೆ ನಮ್ಮ ಕಡೀ ರೂಢಿ ಗೊತ್ತಿಲ್ರಿ."

"ಕೂಸಂತ ಕೂಸು. ಮೀಸಿ ನೋಡ್ರಿ ಕೂಸಿಂದು," ಎಂದ ಒಬ್ಬ. ಯಾರೋ ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿತು.

ಅಷ್ಟರಲ್ಲಿ ಬೈಕಿನವನು ನನ್ನ ಮಗ್ಗುಲಿಗೆ ಬಂದು ನಿಂತಿದ್ದ. ಮೆಲ್ಲಗೆ ಕೇಳಿದ: "ಮೇಡಂ, ಖರೇ ಹೇಳ್ರಿ. ಹೊಸ ರೋಡ್ ಈ ಬದುವಿನ ಮ್ಯಾಲ ಬರ್ತದೋ, ಆ ಕಡೀ ಹೋಗ್ತದೋ?"

"ನನಗೆ ಗೊತ್ತಿಲ್ಲ. ಮೊದಲು ಅವನನ್ನ ಬಿಡಿಸ್ರಿ."

"ಗೊತ್ತಿಲ್ಲಂದ್ರ ನಂಬೂದು ಹ್ಯಾಂಗ್ರಿ?"

ಅವನು ಪ್ಲಾಟು ಕೊಡಿಸುವವನೆಂದು, ನಮ್ಮನ್ನು ರಸ್ತೆಯ ಸರ್ವೆಗೆ ಬಂದವರೆಂದುಕೊಂಡಿದ್ದನೆಂದು ಚಾಚಾ ಆಮೇಲೆ ಹೇಳಿದರು. ಮಾಟದ ಮಾತನ್ನು ಅವನು ನಂಬಿ ಆಡಿದನೋ, ನನ್ನ ಬಾಯಿ ಬಿಡಿಸಲು ಆಡಿದನೋ, ಇಂದಿಗೂ ತಿಳಿದಿಲ್ಲ.

ಆಗ ಯಜಮಾನನ ತಾಯಿ ಬುಟ್ಟಿ ಕೆಳಗಿಟ್ಟು ಹೇಳಿದಳು: "ಬಾವಿ ಮೈಲಿಗಿ ಮಾಡಬ್ಯಾಡ್ರಿ. ಕುಂದರಸ್ರಿ ಅವನ್ನ, ಚರಗ ಉಣ್ಣಲಿ. ಮಾಟ ಮಾಡಿದಾಂವಗ ಈ ಅನ್ನ ಗಂಟಲಾಗ ಇಳಿಯಂಗಿಲ್ಲ."

ಎಲ್ಲರೂ ಒಪ್ಪಿದರು. ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಭಯಕ್ಕೆ ನನ್ನ ಬಾಯೇ ಒಣಗಿತ್ತು, ಇನ್ನು ಅವನದೋ? ಅವನ ಕೈಗೆ ಒಣಗಿ ಗಟ್ಟಿಯಾದ ಕಟಿ ಸಜ್ಜೆ ರೊಟ್ಟಿ, ಅದರ ಮೇಲೆ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ ಕೊಟ್ಟರು. ನೀರು ಕೊಡಬಾರದೆಂದು ಒಬ್ಬ ತಾಕೀತು ಮಾಡಿದ. ಯಜಮಾನ ಹಿಂದೆಯೇ ನಿಂತಿದ್ದ.

ಅವನು ಅಗಿದ. ಅಗಿಯುತ್ತಲೇ ಇದ್ದ. ತುತ್ತು ಒಂದು ದವಡೆಯಿಂದ ಇನ್ನೊಂದಕ್ಕೆ ಹೋಗುವುದು ಹೊರಗೆ ಕಾಣುತ್ತಿತ್ತು. ಕಣ್ಣಲ್ಲಿ ನೀರು ಬಂತು, ಗಂಟಲು ಒಮ್ಮೆ ಮೇಲೆದ್ದು ಅಲ್ಲೇ ನಿಂತಿತು.

"ಇಳಿಯವಲ್ದು ನೋಡ್ರಿ," ಎಂದ ಬೈಕಿನವನು.

ಬಾರುಕೋಲು ನೆಲಕ್ಕೆ ಬಡಿದ ಸದ್ದಾಯಿತು. ಮುದುಕಿ ಗಡಿಗೆಯಿಂದ ಬಟ್ಟಲಿಗೆ ಅಂಬಲಿ ಬಗ್ಗಿಸಿ ಅವನ ಮುಂದೆ ಹಿಡಿದಳು.

"ಆಯಿ, ನೀರು ಬ್ಯಾಡಂದೀವಿ."

"ಇದು ನೀರೇನಲೇ? ಅಂಬಲಿನೂ ಚರಗದ್ದೇ ಅದ. ಹಲ್ಲಿಲ್ಲದಾಕಿ ನಾ, ವರ್ಷಾ ಇದನ್ನ ಕುಡದೇ ಚರಗ ಉಣ್ತೀನಿ. ನಂದೂ ಮಾಟೇನು?"

ಈ ಸಲ ಬಹಳ ಜನ ನಕ್ಕರು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ತುತ್ತು ಇಳಿಯಿತು. ಯಾರೂ ಕೇಳದೆಯೇ ಬಾಯಿ ಅಗಲಿಸಿ ಸುತ್ತ ನಿಂತವರಿಗೆಲ್ಲ ತೋರಿಸಿದ.

ಅವಳು ಅವನನ್ನು ಉಳಿಸಲು ಅಂಬಲಿ ಕೊಟ್ಟಳೋ, ಊಟದ ರೀತಿಯೇ ಹಾಗೆಂದು ಕೊಟ್ಟಳೋ? ನಾನು ಕಣ್ಣು ಕೂಡಿಸಲು ನೋಡಿದೆ. ಅವಳು ನನ್ನತ್ತ ತಿರುಗಲೇ ಇಲ್ಲ. ಕಲ್ಲನ್ನು ಅವನ ಕೈಯಿಂದಲೇ ಮರಳಿ ಇಡಿಸಿ, ತೊಳೆದು, ಕುಂಕುಮ ಹಚ್ಚಿದಳು. ಯಜಮಾನ ನಮ್ಮ ಗುರುತಿನ ಬಟ್ಟೆಯನ್ನು ಹರಿದು, "ಮತ್ತ ಈ ಕಡೀ ಕಾಣಬ್ಯಾಡ್ರಿ" ಎಂದ.

ಡಾಂಬರು ರಸ್ತೆ ಮುಟ್ಟಿದ್ದೆವು. ಹಿಂದಿನಿಂದ ಹಾರ್ನ್ ಹೊಡೆಯುತ್ತ ಅದೇ ಬೈಕಿನವನು ಬಂದು ಅಡ್ಡ ನಿಂತ. ಕಿಟಕಿಯಲ್ಲಿ ಒಂದು ಬಟ್ಟೆಯ ಗಂಟು ತೂರಿಸಿದ.

"ಆಯಿ ಕಳಿಸ್ಯಾಳ. ಚರಗದ ದಿನ ಬಂದವರು ಹಸದು ಹೋಗಬಾರದಂತ. ಉಣ್ರಿ."

ಚಾಚಾ "ಶುಕ್ರಿಯಾ ಅಣ್ಣಾ" ಎಂದು ನಕ್ಕು ಗಾಡಿ ಬಿಟ್ಟರು. ಅವನ ಬೈಕು ಕನ್ನಡಿಯಿಂದ ಮರೆಯಾಯಿತು. ನಾನು ಗಂಟು ಬಿಚ್ಚಿದೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಆ ಒಂದು ತುತ್ತು ಬಿಟ್ಟರೆ ಬೆಳಗಿನಿಂದ ಮೂವರೂ ಏನೂ ತಿಂದಿರಲಿಲ್ಲ.

"ಅದೇ ಪಲ್ಯನಾ ಅಕ್ಕ?" ಎಂದ ಆಪರೇಟರ್.

"ಹಂಗೇ ಕಾಣ್ತದ."

"ಕೊಟ್ಟಿದ್ದು ಅಜ್ಜಿನೇ ಅಂತ ಹೇಗೆ ಗೊತ್ತು?"

ಚಾಚಾ ಒಂದು ಜಾಲಿಯ ಹತ್ತಿರ ಗಾಡಿ ನಿಲ್ಲಿಸಿದರು. ರಸ್ತೆಯ ಪಕ್ಕ ನಾಯಿಯೊಂದು ಮಲಗಿತ್ತು. ಅವರು ಒಂದು ಹೋಳಿಗೆಯನ್ನು ಮುರಿದು ಅರ್ಧವನ್ನು ಅದರ ಮುಂದೆ ಎಸೆದರು. ನಾಯಿ ಮೂಸಿತು, ತಿಂದಿತು. ಇನ್ನರ್ಧವನ್ನೂ ಎಸೆದರು. ಇಂಜಿನ್ ಚಾಲೂ ಇಟ್ಟುಕೊಂಡು ನಾವು ಅದನ್ನೇ ನೋಡುತ್ತ ಕೂತೆವು.

ನಾಯಿ ಬಾಲ ಅಲ್ಲಾಡಿಸುತ್ತ ಗಾಡಿಯ ಹತ್ತಿರ ಬಂತು. ಅದಕ್ಕೆ ಏನೂ ಆಗಿರಲಿಲ್ಲ.

"ಇನ್ನೊಂದಿಷ್ಟು ನೋಡೂಣು," ಎಂದೆ ನಾನು.